ಡಯಟ್ ಚಾರ್ಟ್ ಇರಲಿ, ಎಣ್ಣೆ ಅಳೆದಿದ್ದೀರಾ?

ಮಾನ್ಯರೇ,

‘30 ದಿನದಲ್ಲಿ 10 ಕೆ.ಜಿ. ಇಳಿಸಿ’ ಎನ್ನುವ ಫ್ಲೆಕ್ಸುಗಳು ಈಗ ತಾಲ್ಲೂಕು ಕೇಂದ್ರಗಳಲ್ಲೂ ಕಾಣುತ್ತಿವೆ. ದುಡ್ಡು ಕಟ್ಟಿದವರಿಗೆ ಮೊದಲ ದಿನ ಒಂದು ಡಯಟ್ ಚಾರ್ಟ್ ಸಿಗುತ್ತದೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ, ಅಡುಗೆ ಮಾತ್ರ ಹಳೆಯದೇ ನಡೆಯುತ್ತದೆ.

ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂನ ಫಲಿತಾಂಶ 2002ರಲ್ಲಿ ಬಂತು. 3,234 ಜನರ ಆ ಅಧ್ಯಯನದಲ್ಲಿ ಜೀವನಶೈಲಿ ಬದಲಿಸಿಕೊಂಡವರ ಗುರಿ ತೂಕದಲ್ಲಿ ಶೇ 7 ಇಳಿಕೆ, ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಅಷ್ಟೇ. 80 ಕೆ.ಜಿ. ಇರುವವರಿಗೆ ಇದು ಐದೂವರೆ ಕೆ.ಜಿ. ಚಿಲ್ಲರೆ. ಅಷ್ಟಕ್ಕೇ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 31. ಅಲ್ಲಿ ವಿಶೇಷ ಚಾರ್ಟೇನೂ ಇರಲಿಲ್ಲ. ಮೊದಲ 24 ವಾರಗಳಲ್ಲಿ 16 ಪಾಠ, ಪ್ರತಿಯೊಬ್ಬರಿಗೂ ಎದುರು ಕೂತು ಹೇಳಿಕೊಡುವ ಒಬ್ಬರು, ತಿಂದದ್ದನ್ನು ಬರೆದಿಡುವ ಪುಸ್ತಕ, ಆಮೇಲೂ ತಿಂಗಳು ತಿಂಗಳು ವಿಚಾರಣೆ ಇತ್ತು.

ನಮ್ಮಲ್ಲಿ ಎಡವುವುದು ಹೆಚ್ಚಾಗಿ ಅಡುಗೆಮನೆಯಲ್ಲೇ. ತರಗತಿಗೆ ಬರುವವರು ಒಬ್ಬರು, ಒಗ್ಗರಣೆ ಹಾಕುವವರು ಇನ್ನೊಬ್ಬರು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ 42 ಮಿ.ಲೀ., ಸುಮಾರು 340 ಕ್ಯಾಲೊರಿ. ಅದನ್ನು 3 ಲೀಟರಿಗೆ ತಂದರೆ ಯಾರ ತಟ್ಟೆಯಲ್ಲೂ ಒಂದು ತುತ್ತು ಕಡಿಮೆಯಾಗದೆ ತಲೆಗೆ 135 ಕ್ಯಾಲೊರಿಯಷ್ಟು ಉಳಿಯುತ್ತದೆ. ಬೆಳಿಗ್ಗೆಯೇ 100 ಮಿ.ಲೀ. ಎಣ್ಣೆಯನ್ನು ಒಂದು ಲೋಟಕ್ಕೆ ಅಳೆದಿಡಿ. ದೋಸೆ, ಪಲ್ಯ, ಒಗ್ಗರಣೆ ಎಲ್ಲವೂ ಆ ಲೋಟದಿಂದಲೇ ಆಗಲಿ. ತಿಂಡಿ ಮುಗಿಯುವಷ್ಟರಲ್ಲಿ ಲೋಟ ಅರ್ಧವಾಗಿದ್ದರೆ ಕಾವಲಿ ಎಷ್ಟು ಕುಡಿಯಿತೆಂದು ಕಣ್ಣಿಗೇ ಕಾಣುತ್ತದೆ. ಮೊದಲ ತರಗತಿಗೆ ಅಡುಗೆ ಮಾಡುವವರನ್ನೂ ಕರೆಸಬೇಕು ಎನ್ನುವುದು ಇದಕ್ಕೇ. ಅಡುಗೆ ಮಾಡುವವರೇ ತೂಕ ಇಳಿಸಲು ಹೊರಟರೆ ತೊಡಕು ಬೇರೆಯದು: ಮನೆಮಂದಿಗೊಂದು ಅಡುಗೆ, ತನಗೊಂದು, ರಾತ್ರಿ ಉಳಿದದ್ದು ದಂಡವಾಗಬಾರದೆಂದು ಅದೂ ತನಗೇ.

ಬರೆದಿಡುವುದರಲ್ಲೂ ಒಂದು ಕ್ರಮವಿದೆ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ನಿಂತುಕೊಂಡೇ ತಿಂದ ಎರಡು ಕೋಡುಬಳೆ, ನಾಲ್ಕು ಸಲದ ಕಾಫಿಯ ಸಕ್ಕರೆ ಬಿಟ್ಟುಹೋಗುತ್ತವೆ. ಬಾಯಿಗಿಡುವ ಮುಂಚೆ ಬರೆಯಬೇಕು, ಲೋಟ, ಸೌಟು, ಚಮಚದ ಲೆಕ್ಕದಲ್ಲಿ. ಮುದ್ದೆಯ ಗಾತ್ರ ಮನೆಮನೆಗೂ ಬೇರೆಯಾದ್ದರಿಂದ ಹಿಟ್ಟನ್ನು ತೂಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ರಾಗಿಗೆ ಬದಲಾಯಿಸಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಇನ್ನು ಶನಿವಾರದ ಒಪ್ಪೊತ್ತಿನ ರಾತ್ರಿ ‘ಬರೀ ಫಲಾರ’ ಎಂದು ಬರೆಯುವವರು ಉಪ್ಪಿಟ್ಟು ಎಷ್ಟು ಸೌಟು ಎಂದೂ ಬರೆಯಲಿ! ಹಬ್ಬದ ದಿನದ ಪುಟವನ್ನು ಖಾಲಿ ಬಿಡುವವರು ಬಹಳ. ಸಲಹೆಗಾರರಿಗೆ ನಿಜಕ್ಕೂ ಬೇಕಾದದ್ದು ಆ ಪುಟವೇ.

ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ, ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು ನೋಡಬೇಕು. ಒಂದು ದಿನದ ಅಂಕಿಯನ್ನಲ್ಲ, ವಾರದ ಸರಾಸರಿಯನ್ನು ನಂಬಬೇಕು. ಮದುವೆ ಊಟದ ಮರುದಿನ ಒಂದು ಕೆ.ಜಿ. ಏರಿದ್ದರೆ ಅದರಲ್ಲಿ ಬಹುಪಾಲು ಉಪ್ಪು ಹಿಡಿದಿಟ್ಟ ನೀರು. ಒಂದು ಕೆ.ಜಿ. ಕೊಬ್ಬು ಸೇರಲು ಖರ್ಚಾಗದ 7,700 ಕ್ಯಾಲೊರಿಯಾದರೂ ಬೇಕು. ಇದನ್ನು ಮೊದಲೇ ಹೇಳದಿದ್ದರೆ ‘ಹೇಗೂ ಕೆಟ್ಟಿತು’ ಎಂದು ಜನ ಆ ವಾರವೇ ಬರುವುದನ್ನು ನಿಲ್ಲಿಸುತ್ತಾರೆ. ತಪ್ಪಿಸಿಕೊಂಡವರಿಗೆ ಅದೇ ವಾರ ಒಂದು ಫೋನು ಹೋಗಬೇಕು, ಗದರಿಸಲು ಅಲ್ಲ. ಎಲ್ಲರೆದುರು ತೂಕವನ್ನು ಕೂಗಿ ಹೇಳುವ ಪದ್ಧತಿ ಕೆಲವು ಶಿಬಿರಗಳಲ್ಲಿದೆ. ಜನರನ್ನು ಓಡಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಸುಮಾರು ಆರು ತಿಂಗಳಿಗೆ ತೂಕ ಇಳಿಯುವುದು ನಿಲ್ಲುತ್ತದೆ. ಹಗುರಾದ ಮೈ ಕಡಿಮೆ ಖರ್ಚು ಮಾಡುತ್ತದೆ, ಬರೆಯುವ ಕೈಯೂ ಸೋಮಾರಿಯಾಗಿರುತ್ತದೆ. ಲುಕ್ ಅಹೆಡ್ ಎಂಬ ದೊಡ್ಡ ಅಧ್ಯಯನದಲ್ಲಿ ಮೊದಲ ವರ್ಷ ಶೇ 8.6 ಇಳಿದಿದ್ದ ತೂಕ, ವರ್ಷಗಟ್ಟಲೆ ಬೆನ್ನುಹತ್ತಿದ್ದಕ್ಕೆ ಎಂಟನೇ ವರ್ಷದಲ್ಲೂ ಶೇ 4.7 ಕಡಿಮೆಯೇ ಇತ್ತು. ನಮ್ಮ ಪ್ಯಾಕೇಜುಗಳು ಮುಗಿಯುವುದೇ ಮೂರನೇ ತಿಂಗಳಿಗೆ. ತೂಕ ಇಳಿಯದಿದ್ದರೆ ಎಲ್ಲವೂ ವ್ಯರ್ಥ ಎಂದೂ ಅಲ್ಲ: ಚೆನ್ನೈನ 531 ಜನರ ಅಧ್ಯಯನದಲ್ಲಿ (2006) ಜೀವನಶೈಲಿ ಬದಲಿಸಿಕೊಂಡವರಿಗೆ ತೂಕ ಹೆಚ್ಚೇನೂ ಇಳಿಯದಿದ್ದರೂ ಮಧುಮೇಹದ ಸಾಧ್ಯತೆ ಶೇ 28.5ರಷ್ಟು ತಗ್ಗಿತ್ತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಶುಗರ್ ಏಕಾಏಕಿ ಕುಸಿಯಬಹುದು.

ಆರೋಗ್ಯ ಇಲಾಖೆ ತನ್ನ ‘ನಮ್ಮ ಕ್ಲಿನಿಕ್’‌ಗಳಲ್ಲಿ ಹದಿನೈದು ಜನರ ಗುಂಪು ಕಟ್ಟಿ, ವಾರಕ್ಕೊಂದು ಗಂಟೆಯಂತೆ ಆರು ತಿಂಗಳು, ನಂತರ ತಿಂಗಳಿಗೊಮ್ಮೆ ಕೂರಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಅಲ್ಲಿಯವರೆಗೆ, ಖಾಸಗಿಯಾಗಿ ದುಡ್ಡು ಕಟ್ಟುವವರು ರಸೀದಿ ಪಡೆಯುವ ಮುಂಚೆ ಒಂದು ಮಾತು ಕೇಳಲಿ: ಏಳನೇ ತಿಂಗಳು ನನಗೆ ಫೋನು ಮಾಡುವವರು ಯಾರು?

– ಇಬ್ಬರು ಆಹಾರ ಸಲಹೆಗಾರರು, ತುಮಕೂರು