ಉತ್ತರ ಬಾರದ ಪ್ರಾರ್ಥನೆಯ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ದೂರದ ಊರಿನ ಆ ಕೆಲಸವನ್ನು ಒಪ್ಪಬೇಕೋ ಬೇಡವೋ ಎಂದು ಎಷ್ಟು ಪ್ರಾರ್ಥಿಸಿದರೂ ಉತ್ತರ ಬರುತ್ತಿಲ್ಲ, ಬೈಬಲಿನಲ್ಲಿ ಬರುವ ಇಸ್ರಾಯೇಲಿನ ಮೊದಲ ಅರಸ ಸೌಲನ ಹಾಗೆ ನನ್ನನ್ನೂ ದೇವರು ಕೈಬಿಟ್ಟನೇನೋ ಎಂದು ನೀನು ಬರೆದಿರುವೆ. ಆ ಹೋಲಿಕೆ ನನ್ನ ಮನಸ್ಸನ್ನು ಕಲಕಿತು. ಸೌಲನ ಕಥೆಯನ್ನು ಪೂರ್ತಿಯಾಗಿ ಓದಿದರೆ ಅದು ನಿನ್ನ ಕಥೆಯಲ್ಲ ಎಂಬುದು ನಿನಗೇ ತಿಳಿಯುತ್ತದೆ.

ಶತ್ರುಗಳಾದ ಫಿಲಿಷ್ಟಿಯರು ಶೂನೇಮಿನಲ್ಲಿ ಪಾಳೆಯ ಇಳಿದಾಗ ಗಿಲ್ಬೋವದಲ್ಲಿದ್ದ ಸೌಲನು ನಡುಗಿಹೋಗಿ ದೇವರಾದ ಯೆಹೋವನನ್ನು ವಿಚಾರಿಸಿದನು. ಕನಸಿನಿಂದಾಗಲಿ, ಊರೀಮಿನಿಂದಾಗಲಿ, ಪ್ರವಾದಿಗಳಿಂದಾಗಲಿ ಉತ್ತರ ದೊರೆಯಲಿಲ್ಲ ಎನ್ನುತ್ತದೆ ಸಮುವೇಲನ ಮೊದಲ ಪುಸ್ತಕದ 28ನೆಯ ಅಧ್ಯಾಯ. ಊರೀಮ್ ಯಾಜಕರ ಮೂಲಕ ದೈವಚಿತ್ತವನ್ನು ತಿಳಿಯುವ ಸಾಧನ. ಆದರೆ ಯಾಜಕರಿಗೆ ಏನಾಗಿತ್ತು? ತನ್ನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದನಿಗೆ ರೊಟ್ಟಿಯನ್ನೂ ಗೊಲ್ಯಾತನ ಕತ್ತಿಯನ್ನೂ ಕೊಟ್ಟರೆಂಬ ಕಾರಣಕ್ಕೆ ನೋಬ್ ಊರಿನ 85 ಮಂದಿ ಯಾಜಕರನ್ನು ಸೌಲನೇ ಕೊಲ್ಲಿಸಿದ್ದನು. ತಪ್ಪಿಸಿಕೊಂಡ ಯಾಜಕ ಎಬ್ಯಾತಾರನೊಬ್ಬನು, ದೈವಚಿತ್ತವನ್ನು ಕೇಳಲು ಬಳಸುವ ಯಾಜಕರ ಉಡುಪಾದ ಏಫೋದನ್ನು ಹಿಡಿದುಕೊಂಡು ದಾವೀದನ ಬಳಿಗೆ ಓಡಿಹೋದನು. ಕೆಯೀಲಾ ಎಂಬ ಊರಿನಲ್ಲಿ ದಾವೀದನು, ಸೌಲನು ಇಲ್ಲಿಗೆ ಬರುವನೋ, ಈ ಊರಿನವರು ನನ್ನನ್ನು ಹಿಡಿದುಕೊಡುವರೋ ಎಂದು ಆ ಏಫೋದಿನ ಮುಂದೆ ಕೇಳಿದಾಗ ಎರಡಕ್ಕೂ ಸ್ಪಷ್ಟವಾದ ಉತ್ತರ ಬಂತು. ಉತ್ತರ ಸಿಗದ ಸೌಲನು ಏಂದೋರಿನಲ್ಲಿ ಸತ್ತವರನ್ನು ಕರೆಯುವ ಹೆಂಗಸಿನ ಬಳಿಗೆ ಹೋದಾಗ, ಆಗಲೇ ತೀರಿಹೋಗಿದ್ದ ಪ್ರವಾದಿ ಸಮುವೇಲನು ಆ ಮೌನಕ್ಕೆ ಹೇಳುವ ಕಾರಣ ಬೇರೆ: ಶತ್ರುಗಳಾದ ಅಮಾಲೇಕ್ಯರನ್ನು ನಿರ್ಮೂಲ ಮಾಡೆಂಬ ಆಜ್ಞೆಯ ವಿಷಯದಲ್ಲಿ ಸೌಲನು ತೋರಿದ ಅವಿಧೇಯತೆ. ಆದರೂ ಈ ಭಾಗವನ್ನು ಓದುವಾಗಲೆಲ್ಲ ನನ್ನ ಮನಸ್ಸು ನೋಬಿಗೇ ಹೋಗುತ್ತದೆ, ಏಕೆಂದರೆ ಉತ್ತರ ತರಬೇಕಾದವರನ್ನು ತಾನೇ ಕೊಲ್ಲಿಸಿದ ಅರಸನು ಉತ್ತರವಿಲ್ಲವೆಂದು ಪರಿತಪಿಸುವುದು ಆ ಪುಸ್ತಕದ ಅತಿ ದೊಡ್ಡ ದುಃಖವೆಂದು ನನಗೆ ತೋರುತ್ತದೆ.

ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕವು ಸೌಲನು ಯೆಹೋವನನ್ನು ವಿಚಾರಿಸಲೇ ಇಲ್ಲ ಎಂದು ತೀರ್ಪು ಕೊಡುತ್ತದೆ. ಅವನು ಕೇಳಿದ್ದನ್ನು ಮುಚ್ಚಿಡದ ಸಮುವೇಲನ ಪುಸ್ತಕವೇ ನನಗೆ ಹೆಚ್ಚು ಕರುಣೆಯುಳ್ಳದ್ದಾಗಿ ಕಾಣುತ್ತದೆ.

ಆದರೆ ಮಗಳೇ, ಸೌಲನ ಅಳತೆಗೋಲಿನಿಂದ ಎಲ್ಲರ ಮೌನವನ್ನೂ ಅಳೆಯಬಾರದು. ನಿರಪರಾಧಿಯಾಗಿದ್ದೂ ಕಷ್ಟಪಟ್ಟ ಯೋಬನ ಸ್ನೇಹಿತರು ಮಾಡಿದ್ದು ಅದನ್ನೇ: ಅವನಿಗೆ ಕಷ್ಟ ಬಂದಿದೆ, ಆದ್ದರಿಂದ ಪಾಪ ಮಾಡಿರಲೇಬೇಕು ಎಂದರು, ಕೊನೆಗೆ ದೇವರ ಕೋಪ ಉರಿದದ್ದು ಅವರ ಮೇಲೆ. 88ನೆಯ ಕೀರ್ತನೆಯನ್ನು ಓದು. ಅದನ್ನು ಹಾಡಿದವನು ತನ್ನ ಯಾವ ಅಪರಾಧವನ್ನೂ ಹೇಳುವುದಿಲ್ಲ. ಹಗಲೂ ರಾತ್ರಿಯೂ ಮೊರೆಯಿಡುತ್ತಾನೆ, ನನಗೇಕೆ ವಿಮುಖನಾಗಿರುವೆ ಎಂದು ಕೇಳುತ್ತಾನೆ, ಮತ್ತು ಬೇರೆ ಪ್ರಲಾಪಗಳಲ್ಲಿ ಕೊನೆಗೆ ಬರುವ ಸ್ತುತಿಯ ತಿರುವು ಇಲ್ಲಿಲ್ಲದೆ ಕೀರ್ತನೆಯು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತೆಗೆದುಹಾಕಲಿಲ್ಲ, ಕೊನೆಯಲ್ಲಿ ಒಂದು ಸಮಾಧಾನದ ಸಾಲನ್ನೂ ಸೇರಿಸಲಿಲ್ಲ; ದೇವಜನರು ಅದನ್ನು ಪ್ರಾರ್ಥನೆಯೆಂದೇ ಉಳಿಸಿಕೊಂಡರು. ನಿನ್ನ ಪತ್ರದ ಸ್ಥಾನ ಸೌಲನ ಪಕ್ಕದಲ್ಲಲ್ಲ, ಈ ಕೀರ್ತನೆಯ ಪಕ್ಕದಲ್ಲಿ.

ಇನ್ನೊಂದು ಮಾತು. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಿದ್ದ ಮೇಲೆ, ಅಳಿದುಳಿದವರು ಪ್ರವಾದಿ ಯೆರೆಮೀಯನ ಬಳಿಗೆ ಬಂದು, ನಮ್ಮ ದಾರಿಯನ್ನು ದೇವರಲ್ಲಿ ಕೇಳು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಪಾಲಿಸುತ್ತೇವೆ ಎಂದು ಬೇಡಿಕೊಂಡರು. ಪ್ರವಾದಿಯಾದ ಅವನಿಗೂ ಮಾತು ಬಂದದ್ದು ಹತ್ತು ದಿನಗಳ ನಂತರ. ಈ ದೇಶದಲ್ಲೇ ಇರಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡಿ ಎಂದು ಅವನು ತಿಳಿಸಿದಾಗ, ನೀನು ಸುಳ್ಳು ಹೇಳುತ್ತೀ ಎಂದುಬಿಟ್ಟರು. ಕೇಳುವ ಮೊದಲೇ ಅವರು ಐಗುಪ್ತದ ದಾರಿ ಹಿಡಿದಿದ್ದರು.

ನಿನ್ನ ಮನಸ್ಸೂ ಈಗಾಗಲೇ ಒಂದು ಕಡೆಗೆ ವಾಲಿದ್ದರೆ ಅದನ್ನೂ ಪ್ರಾರ್ಥನೆಯಲ್ಲಿ ಮರೆಮಾಡದೆ ಹೇಳಿಬಿಡು, ನನಗೂ ಬರೆ. ಕೆಲಸದವರು ಕೊಟ್ಟ ಗಡುವಿನೊಳಗೆ ಉತ್ತರ ಸಿಗದಿದ್ದರೆ, ನಿನಗೆ ಕಂಡಷ್ಟು ಬೆಳಕಿನಲ್ಲಿ ನಿರ್ಧಾರ ಮಾಡು. ಅದು ಯಾವುದೇ ಆಗಿರಲಿ, ನಾನೂ ಅಪ್ಪನೂ ನಿನ್ನ ಜೊತೆಗಿದ್ದೇವೆ.

ನಿನ್ನ ಅಮ್ಮ