ಪುಟ್ಟನ ಹಾಡುಗಳ ವಿಷಯ

ಬರ್ಮಿಂಗ್‌ಹ್ಯಾಮ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನೀವು, ಅಮ್ಮ, ಅಜ್ಜಿ, ತಮ್ಮ ಪುಟ್ಟ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ಗುರುವಾರ ಸಿಕ್ಕಿತು. ಬಸ್ಸಿನಲ್ಲಿ ಒಂದು ಸಲ ಓದಿದೆ, ಊಟದ ಹೊತ್ತಿನಲ್ಲಿ ಇನ್ನೊಂದು ಸಲ. ವಿಜಯಪುರದವರು ಮಾತು ನಿಲ್ಲಿಸಿದ್ದಾರೆ ಅನ್ನುವ ಸಾಲು ಬಂದಾಗ ಎದೆ ಧಸಕ್ಕೆಂದಿತು. ಪುಟ್ಟನಿಗೆ ಹೆಣ್ಣು ನೋಡಿ ಬಂದು, ಎರಡೂ ಕಡೆ ಒಪ್ಪಿ, ಲಗ್ನಪತ್ರಿಕೆಗೆ ದಿನ ಕೇಳುವ ಹೊತ್ತಿನಲ್ಲಿ ಹೀಗಾಯಿತಲ್ಲ. ಹುಡುಗಿಯ ಸೋದರಮಾವ ಪುಟ್ಟನ ಸ್ಟೇಟಸ್‌ನಲ್ಲಿ 'ಡೆತ್' ಅಂತ ಬರೆದ ಕಪ್ಪು ಟೀ ಶರ್ಟು ನೋಡಿದರು, ಅದೇನು ಅಂತ ಕೇಳಿದರು, ಅವನು 'ಡೆತ್ ಮೆಟಲ್' ಅಂದ, ಅವನು ಕೇಳುವ ಗದ್ದಲದ ಗಿಟಾರ್ ಸಂಗೀತದ ಹೆಸರು ಅದು. ಅಷ್ಟೇ ತಾನೇ ಆಗಿದ್ದು? ಆಮೇಲೆ ಅವರು ಮೊಬೈಲಿನಲ್ಲಿ ಹುಡುಕಿ ಏನೇನೋ ಓದಿ, ಹುಡುಗ ಸೈತಾನನ ಪೂಜೆ ಮಾಡುವವರ ಸಹವಾಸದಲ್ಲಿದ್ದಾನೆ ಅಂದುಬಿಟ್ಟರು. ಅಮ್ಮ ಅವನನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಬೇಕು ಅನ್ನುತ್ತಿದ್ದಾಳೆ ಅಂತಲೂ ಬರೆದಿದ್ದೀರಿ. ಹೋಗಿ ಬರಲಿ ಅಪ್ಪ, ಒಳ್ಳೆಯ ಜಾಗ. ಆದರೆ ಹಾಡು ಕೇಳಿದ್ದಕ್ಕೆ ಪರಿಹಾರ ಅಂತ ಬೇಡ. ಅವನಿಗೆ ತುಂಬ ನೋವಾಗುತ್ತದೆ.

ನಾನಿರುವುದು ಅವನ ಆ 'ಮೆಟಲ್' ಸಂಗೀತ ಹುಟ್ಟಿದ ಊರಿನಲ್ಲೇ. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಅಧಿಕಾರದಿಂದಲೇ ಬರೆಯುತ್ತೇನೆ.

ಬ್ಲ್ಯಾಕ್ ಸಬ್ಬತ್ ಅಂತ ಒಂದು ತಂಡ. ಪುಟ್ಟನ ಕೋಣೆಯ ಗೋಡೆಯಿಂದ ನೀವು ಕಿತ್ತು ಹಾಕಿದ್ದು ಅವರದೇ ಪೋಸ್ಟರ್. ನಾಲ್ಕೂ ಜನ ಇದೇ ಊರಿನ ಆಸ್ಟನ್ ಕಡೆಯ ಬಡ ಮನೆಗಳ ಹುಡುಗರು. ಹಾಡುವವನು ಆಜಿ ಆಸ್ಬರ್ನ್. ಮೊದಲು ಕಾರಿನ ಹಾರನ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ, ಕಸಾಯಿಖಾನೆಯಲ್ಲೂ ದುಡಿದ. ಗಿಟಾರ್ ನುಡಿಸುವವನು ಟೋನಿ ಅಯೋಮಿ. ಅವನ ಕಥೆ ನಿಮಗೆ ಹೇಳಲೇಬೇಕು. ಹದಿನೇಳು ವರ್ಷಕ್ಕೆ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬಿಟ್ಟು ಹೋಗಬೇಕು ಅಂತಿದ್ದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ. ತಂತಿ ಒತ್ತಬೇಕಾದ್ದು ಆ ಬಲಗೈಯಲ್ಲೇ. ಇನ್ನು ಗಿಟಾರ್ ಮುಗಿಯಿತು ಅಂತ ಕೂತಿದ್ದಾಗ ಕಾರ್ಖಾನೆಯ ಮೇಲಿನವರೊಬ್ಬರು ಜಾಂಗೋ ರೈನ್‌ಹಾರ್ಟ್ ಎಂಬ ಕಲಾವಿದನ ರೆಕಾರ್ಡ್ ತಂದು ಕೇಳಿಸಿದರಂತೆ. ಆತ ಬೆಂಕಿಯಲ್ಲಿ ಎರಡು ಬೆರಳು ಸುಟ್ಟುಕೊಂಡೂ ನುಡಿಸಿದವನು. ಟೋನಿ ಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮದ ಚೂರು ಅಂಟಿಸಿದ. ತೆಳು ತಂತಿ ಹಾಕಿದ. ಮುಂದೆ ತಂತಿಯನ್ನು ಸಡಿಲ ಮಾಡಿ ಶ್ರುತಿ ಇಳಿಸಿದ. ಪುಟ್ಟನ ಹಾಡಿನಲ್ಲಿ ನಿಮಗೆ ಗುಂಯ್ ಅಂತ ಕೇಳುವ ಆ ಭಾರದ ಸದ್ದಿನಲ್ಲಿ ಆ ಎರಡು ಬೆರಳಿನ ಪಾಲೂ ಇದೆ.

ಅದನ್ನು ಓದಿದಾಗ ನಿಮ್ಮ ಕೈ ನೆನಪಾಯಿತು ಅಪ್ಪ. ಬಿಸಿನೀರಿನ ಬೇಸಿನ್‌ನಲ್ಲಿ ರೇಷ್ಮೆ ಗೂಡಿನ ಎಳೆ ಹುಡುಕಿ ಹುಡುಕಿ ಬೆಳ್ಳಗೆ ಸುಕ್ಕಾದ ಬೆರಳುಗಳು. ಸಂಜೆ ಅದೇ ಬೆರಳಿನಲ್ಲಿ ಹಾರ್ಮೋನಿಯಂ ಹಿಡಿದು ಭಜನೆಗೆ ಕೂರುತ್ತಿದ್ದಿರಿ. ಆ ತಂಡದವರೂ ಮೊದಲು ಪುಸ್ತಕ ನೋಡಿ ಸಂಗೀತ ಕಲಿತವರಲ್ಲ. ಯಂತ್ರದ ಸದ್ದು ಕೇಳಿ ಬೆಳೆದವರು. ಪುಟ್ಟನೂ ತೊಟ್ಟಿಲಿನಿಂದ ಚರಕದ ಸದ್ದು ಕೇಳಿಯೇ ಬೆಳೆದವನು ತಾನೇ? ಆ ಗದ್ದಲದ ಹಾಡು ಅವನಿಗೆ ಯಾಕೆ ಹಿಡಿಸಿತು ಅಂತ ನನಗೆ ಈ ಊರಿಗೆ ಬಂದ ಮೇಲೆ ಅರ್ಥವಾಯಿತು.

ಹೆಸರಿನ ಬಗ್ಗೆ ಹೇಳುತ್ತೇನೆ. ಅವರ ತಂಡಕ್ಕೆ ಮೊದಲು 'ಅರ್ಥ್' ಅಂತ ಹೆಸರಿತ್ತು, ಭೂಮಿ ಅಂತ. ಅದೇ ಹೆಸರಿನ ಇನ್ನೊಂದು ತಂಡ ಇದ್ದದ್ದರಿಂದ ಬದಲಾಯಿಸಬೇಕಾಯಿತು. ಎದುರಿನ ಟಾಕೀಸಿನಲ್ಲಿ ಓಡುತ್ತಿದ್ದ ಹೆದರಿಸುವ ಸಿನಿಮಾದ ಹೆಸರನ್ನೇ ಇಟ್ಟುಕೊಂಡರು. ಸೈತಾನನ ವಿಷಯ ಅಲ್ಲಿಗೆ ಮುಗಿಯಿತು. 1971ರಲ್ಲಿ ದೇವರನ್ನು ನಂಬು ಅನ್ನುವಂಥ ಹಾಡನ್ನೇ ಮಾಡಿದ್ದಾರೆ. ಅವರು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಶಿಲುಬೆಗಳನ್ನು ಮಾಡಿಕೊಟ್ಟಿದ್ದು ಆಜಿಯ ಅಪ್ಪ. ಅವರೂ ಕಾರ್ಖಾನೆ ಕೆಲಸದವರು. ಅಮ್ಮನ ತಾಯಿತಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಇನ್ನು ಆ 'ಡೆತ್'. ಅದು ಅಮೆರಿಕದ ಫ್ಲೋರಿಡಾದ ತಂಡದ ಹೆಸರು. ಕಟ್ಟಿದವನು ಚಕ್ ಶುಲ್ಡಿನರ್. ಅವನಿಗೆ ಒಂಬತ್ತು ವರ್ಷವಿದ್ದಾಗ ಅಣ್ಣ ಕಾರು ಅಪಘಾತದಲ್ಲಿ ತೀರಿಕೊಂಡ. ಮಗು ಮಂಕಾಗಿ ಕೂತಿದ್ದನ್ನು ನೋಡಲಾರದೆ ಅಪ್ಪ ಅಮ್ಮ ಒಂದು ಗಿಟಾರ್ ತಂದುಕೊಟ್ಟರು. 1987ರಲ್ಲಿ ಮೊದಲ ಆಲ್ಬಮ್ ಬಂತು. 2001ರಲ್ಲಿ ಮೆದುಳಿನ ಗೆಡ್ಡೆಯಿಂದ ಅವನೇ ಹೋದ, ಮೂವತ್ತನಾಲ್ಕು ವರ್ಷಕ್ಕೆ. ಪುಟ್ಟ ಇದನ್ನು ಹೇಳುವಾಗ ಅವನ ಗಂಟಲು ಕಟ್ಟಿತ್ತು. ಅವನು ಆ ಟೀ ಶರ್ಟು ಹಾಕುವುದು ಅದಕ್ಕೆ. ವಿಜಯಪುರದವರಿಗೆ ಇದು ಗೊತ್ತಾಗಬೇಕು.

ಸುಳ್ಳು ಹೇಳಿ ಮದುವೆ ಮಾಡುವುದು ಬೇಡ, ಆದ್ದರಿಂದ ಇನ್ನೊಂದನ್ನೂ ಬರೆಯುತ್ತೇನೆ. ಹುಡುಗಿಯ ಸೋದರಮಾವ ಓದಿದ್ದು ಪೂರ್ತಿ ಸುಳ್ಳಲ್ಲ. 1990ರ ದಶಕದ ಮೊದಲಿನಲ್ಲಿ ನಾರ್ವೆಯಲ್ಲಿ 'ಬ್ಲ್ಯಾಕ್ ಮೆಟಲ್' ಅನ್ನುವ ಗುಂಪಿನ ಕೆಲವು ಹುಡುಗರು ಮರದ ಚರ್ಚುಗಳಿಗೆ ಬೆಂಕಿ ಇಟ್ಟರು. ಜೈಲಿಗೂ ಹೋದರು. ಅದು ಬೇರೆ ದೇಶ, ಬೇರೆ ಜನ, ಬೇರೆ ಪಂಗಡ. ಆ ಹೆಸರು ಹುಟ್ಟಿದ್ದೂ ಅವರಿಂದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೆನಮ್ ಅನ್ನುವ ತಂಡ 1982ರಲ್ಲಿ ತನ್ನ ಆಲ್ಬಮ್‌ಗೆ ಇಟ್ಟ ಹೆಸರು ಅದು. ಈಗ ಕೇಳಿದರೆ ವೆನಮ್‌ನ ಹಾಡು ಬ್ಲ್ಯಾಕ್ ಮೆಟಲ್ಲೇ ಅಲ್ಲ, ಥ್ರಾಷ್ ಅನ್ನುವ ಇನ್ನೊಂದು ಪಂಗಡಕ್ಕೆ ಹತ್ತಿರ ಅನ್ನುತ್ತಾನೆ ಪುಟ್ಟ. ಹೆಸರು ಕೊಟ್ಟವರಿಗೇ ಹೆಸರು ಉಳಿಯಲಿಲ್ಲ ನೋಡಿ.

ಈ ಹೆಸರುಗಳ ಬಗ್ಗೆ ನಾವಿಬ್ಬರೂ ಫೋನಿನಲ್ಲಿ ಜಗಳವಾಡುತ್ತಲೇ ಇರುತ್ತೇವೆ. ನನಗೆ ಲೆಡ್ ಜೆಪ್ಲಿನ್ ತಂಡ ಇಷ್ಟ. ಅದರ ಡ್ರಮ್ಮಿನವನು ಜಾನ್ ಬಾನ್‌ಹ್ಯಾಮ್ ಇಲ್ಲೇ ಪಕ್ಕದ ರೆಡಿಚ್‌ನವನು. ಅದೂ ಮೆಟಲ್ ತಾನೇ ಅಂದರೆ ಪುಟ್ಟ ಉರಿದು ಬೀಳುತ್ತಾನೆ. 'ಅಕ್ಕಾ, ಅದು ಹಾರ್ಡ್ ರಾಕ್, ಬ್ಲೂಸ್‌ನಿಂದ, ಅಮೆರಿಕದ ಕಪ್ಪು ಜನರ ಹಾಡಿನಿಂದ ಬಂದದ್ದು' ಅನ್ನುತ್ತಾನೆ. ಸಬ್ಬತ್ ಕೂಡ ಬ್ಲೂಸ್‌ನಿಂದಲೇ ಬಂದದ್ದಲ್ವಾ ಅಂತ ನಾನು. ಮೋಟರ್‌ಹೆಡ್ ತಂಡದ ಲೆಮ್ಮಿಯನ್ನು ಎಲ್ಲರೂ ಮೆಟಲ್ ಅಂದರೂ ಅವನು ಸಾಯುವ ತನಕ ತಾನು ನುಡಿಸುವುದು ರಾಕ್ ಅಂಡ್ ರೋಲ್ ಅಂತಲೇ ಹೇಳಿದ. ಆಸ್ಪತ್ರೆಯ ನನ್ನ ವಾರ್ಡಿನಲ್ಲಿ ಆಸ್ಟನ್ ಕಡೆಯ ಒಬ್ಬ ಅಜ್ಜ ಇದ್ದರು. ಆಗ ಪಬ್ಬಿನಲ್ಲಿ ಸಬ್ಬತ್ ಹುಡುಗರ ಹಾಡು ಕೇಳಿದವರಂತೆ. ಮೆಟಲ್ ಅನ್ನುವ ಮಾತೇ ಇರಲಿಲ್ಲ, ತುಂಬ ಜೋರಾದ ಬ್ಲೂಸ್ ಅಂತಿದ್ದೆವು ಅಂದರು. ಅದನ್ನು ಪುಟ್ಟನಿಗೆ ಹೇಳಿದರೆ ಒಪ್ಪಲೇ ಇಲ್ಲ.

ಆದರೂ ಅವನದ್ದು ಒಂದು ಮಾತು ಸರಿ ಅನ್ನಿಸುತ್ತದೆ. 'ಅಕ್ಕಾ, ಶಿಡ್ಲಘಟ್ಟದಲ್ಲಿ ಕೂತವನಿಗೆ ಹೆಸರು ಗೊತ್ತಿಲ್ಲದಿದ್ದರೆ ಯಾವುದನ್ನು ಅಂತ ಹುಡುಕಲಿ? ಹೆಸರು ದಾರಿ ತೋರಿಸುವ ಕಲ್ಲು' ಅಂದ. ದಾರಿ ತೋರಿಸಲಿ, ಬೇಡ ಅನ್ನುವುದಿಲ್ಲ. ಆ ಕಲ್ಲು ನೋಡಿ ಹೆದರಿ ಹಿಂದಿರುಗುವವರ ಬಗ್ಗೆ ನನ್ನ ತಕರಾರು.

ತಮಟೆಯನ್ನೇ ನೋಡಿ ಅಪ್ಪ. ಸಾವಿನ ವಾದ್ಯ ಅಂತ ಹೆಸರಿಟ್ಟು, ಬಾರಿಸುವವರನ್ನು ಹೊಸ್ತಿಲಾಚೆ ನಿಲ್ಲಿಸಿದವರು ನಾವೇ. ಜಾತ್ರೆಗೂ ಅದೇ ತಮಟೆ, ಹೆಣದ ಮುಂದೆಯೂ ಅದೇ ತಮಟೆ, ಪೆಟ್ಟು ಮಾತ್ರ ಬೇರೆ. ನಮ್ಮ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನೀವೇ ಪೇಪರಿನ ತುಂಡು ಕತ್ತರಿಸಿ ನನಗೆ ಕಳಿಸಿದ್ದಿರಿ. ಅದು ಈಗಲೂ ನನ್ನ ಟೇಬಲ್ ಮೇಲಿದೆ. ಕೈವಾರ ತಾತಯ್ಯನವರ ಪದಗಳಲ್ಲೂ ಈ ದೇಹ ನಿಲ್ಲದು, ಸಾವು ಬಂದೇ ಬರುತ್ತದೆ ಅನ್ನುವ ಮಾತು ಎಷ್ಟು ಸಲ ಬರುವುದಿಲ್ಲ? ನೀವು ಅದನ್ನು ಕಣ್ಣುಮುಚ್ಚಿ ಹಾಡುವಾಗ ನಮಗೆ ಯಾರಿಗೂ ಭಯವಾಗಲಿಲ್ಲ.

ನಿಮಗೆ ನೆನಪಿದೆಯಾ, ಭಜನೆ ಮಂಡಳಿಗೆ ಹುಡುಗರು ಕೀಬೋರ್ಡ್ ತಂದ ವರ್ಷ? ದೊಡ್ಡವರೆಲ್ಲ ಇದು ಭಜನೆಯಲ್ಲ, ಆರ್ಕೆಸ್ಟ್ರಾ ಅಂತ ಎದ್ದು ಹೋದರು. ನೀವೊಬ್ಬರೇ ಆ ಹುಡುಗರ ಜೊತೆ ಕೂತಿರಿ. 'ಪದ ತಾತಯ್ಯನವರದ್ದೇ ತಾನೇ, ಪೆಟ್ಟಿಗೆ ಯಾವುದಾದರೇನು' ಅಂದಿರಿ. ನಾನು ಆಗ ಏಳನೇ ಕ್ಲಾಸು. ಬಾಗಿಲ ಹತ್ತಿರ ಚರುಪಿನ ತಟ್ಟೆ ಹಿಡಿದು ನಿಂತಿದ್ದೆ. ಆ ಮಾತನ್ನು ಮರೆತಿಲ್ಲ. ಪುಟ್ಟನಿಗೂ ಅದನ್ನೇ ಹೇಳಿ.

ಇಲ್ಲಿನ ಜನ ಬ್ಲ್ಯಾಕ್ ಸಬ್ಬತ್‌ನವರನ್ನು ಎಷ್ಟು ಪ್ರೀತಿಸುತ್ತಾರೆ ಅಂದರೆ ನೀವು ನಂಬುವುದಿಲ್ಲ. ಊರ ನಡುವೆ ಕಾಲುವೆಯ ಮೇಲೆ ಒಂದು ಸೇತುವೆಗೆ ಬ್ಲ್ಯಾಕ್ ಸಬ್ಬತ್ ಸೇತುವೆ ಅಂತಲೇ ಹೆಸರು. 2019ರಲ್ಲಿ ಅಲ್ಲಿ ನಾಲ್ವರ ಮುಖವಿರುವ ಬೆಂಚು ಹಾಕಿದರು. ರೈಲ್ವೆ ಸ್ಟೇಷನ್ನಿನ ಒಳಗೆ ಹತ್ತು ಮೀಟರ್ ಎತ್ತರದ ಯಂತ್ರದ ಗೂಳಿ ಇದೆ, ತಲೆ ಆಡಿಸುತ್ತದೆ. 2022ರ ಕಾಮನ್‌ವೆಲ್ತ್ ಕ್ರೀಡೆಗೆ ಮಾಡಿದ್ದು. ಅದಕ್ಕೂ ಜನರೇ ಆಜಿ ಅಂತ ಹೆಸರಿಟ್ಟರು. ನಮ್ಮ ಕಡೆ ಬಸವಣ್ಣನಿಗೆ ಮಾಡುವ ಹಾಗೆ ಮಕ್ಕಳು ಅದರ ಮುಂದೆ ನಿಂತು ಕೈ ಬೀಸುತ್ತಾರೆ. 2025ರ ಜುಲೈ 5ಕ್ಕೆ ಇಲ್ಲಿನ ಫುಟ್‌ಬಾಲ್ ಮೈದಾನದಲ್ಲಿ ಅವರ ಕೊನೆಯ ಕಛೇರಿ ಆಯಿತು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ನಡೆಯಲಾರದ ಆಜಿ ಸಿಂಹಾಸನದಲ್ಲಿ ಕೂತು ಹಾಡಿದ. ಆ ಕಛೇರಿಯ ಲಾಭ ಪಾರ್ಕಿನ್ಸನ್ಸ್ ಸಂಶೋಧನೆಗೆ, ಇಲ್ಲಿನ ಮಕ್ಕಳ ಆಸ್ಪತ್ರೆಗೆ, ಹೆಚ್ಚು ಕಾಲ ಬದುಕುವ ಭರವಸೆ ಇಲ್ಲದ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗೆ ಅಂತ ಇಟ್ಟಿದ್ದರು. ಕಛೇರಿಯಾದ ಹದಿನೇಳು ದಿನಕ್ಕೆ ಆಜಿ ತೀರಿಕೊಂಡ. ಎಪ್ಪತ್ತಾರು ವರ್ಷ. ಅವನ ಅಂತಿಮಯಾತ್ರೆಯ ಮೆರವಣಿಗೆಯ ದಿನ ನಾನು ರಜೆ ಹಾಕಿ ಪುಟ್ಟನ ಹೆಸರಿನಲ್ಲಿ ಆ ಬೆಂಚಿನ ಹತ್ತಿರ ಒಂದು ಹಿಡಿ ಸೇವಂತಿಗೆ ಇಟ್ಟು ಬಂದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಕಪ್ಪು ಟೀ ಶರ್ಟು ಹಾಕಿಕೊಂಡು ಅಳುತ್ತಿದ್ದರು.

ಈಗ ಮಾಡಬೇಕಾದ್ದು ಹೇಳುತ್ತೇನೆ. ನೀವು ವಿಜಯಪುರಕ್ಕೆ ಹೋಗಿ ಕೈಮುಗಿಯುವುದು ಬೇಡ. ಹುಡುಗಿಯ ಅಮ್ಮನ ನಂಬರ್ ಕಳಿಸಿ, ಮುಂದಿನ ಭಾನುವಾರ ನಾನೇ ಮಾತಾಡುತ್ತೇನೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಗೂಡು ಮಾರುಕಟ್ಟೆಗೆ ಹೋಗುವ ಹುಡುಗ, ಕುಡಿತ ಇಲ್ಲ, ಬೀಡಿ ಸಿಗರೇಟು ಇಲ್ಲ, ಕೆಲಸದವರ ಬಟವಾಡೆ ಒಂದು ವಾರವೂ ತಪ್ಪಿಸಿಲ್ಲ. ಇದೆಲ್ಲ ಅವರಿಗೆ ಗೊತ್ತಿರುವುದೇ. ಹುಡುಗಿಯನ್ನೂ ಒಂದು ಮಾತು ಕೇಳಲಿ. ಅವಳಿಗೆ ಬೇಡ ಅನ್ನಿಸಿದರೆ ಬಲವಂತ ಬೇಡ. ಪುಟ್ಟನಿಗೂ ಸ್ಟೇಟಸ್ ಅಳಿಸು, ಬಟ್ಟೆ ಬಚ್ಚಿಡು ಅಂತ ಹೇಳಬೇಡಿ. ಮದುವೆಯಾದ ಮೇಲೂ ಅವನು ಅದನ್ನೇ ಕೇಳುವವನು. ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇನ್ನೊಂದು ಕೇಳುತ್ತೇನೆ, ಇಲ್ಲ ಅನ್ನಬೇಡಿ. ಒಂದು ಸಂಜೆ ಚರಕ ನಿಲ್ಲಿಸಿದ ಮೇಲೆ ಅವನ ಪಕ್ಕ ಕೂತು 'ಪ್ಲ್ಯಾನೆಟ್ ಕ್ಯಾರವಾನ್' ಹಾಕು ಅನ್ನಿ. 1970ರದು, ಸಬ್ಬತ್‌ನದೇ. ಕಿರುಚಾಟವಿಲ್ಲ, ಗದ್ದಲವಿಲ್ಲ. ಕೈಯಲ್ಲಿ ಬಾರಿಸುವ ವಾದ್ಯ, ಮೆಲ್ಲಗೆ ಗಿಟಾರ್, ನೀರಿನೊಳಗಿಂದ ಬಂದ ಹಾಗೆ ಒಂದು ದನಿ. ನಕ್ಷತ್ರಗಳ ನಡುವೆ ತೇಲಿ ಹೋಗುವ ಹಾಡು. ಇದು ಯಾವ ಪಂಗಡ ಅಂತ ಅವನನ್ನೇ ಕೇಳಿ. ನನಗೆ ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ನನ್ನ ಬಗ್ಗೆ ಏನೂ ಯೋಚನೆ ಬೇಡ. ಚೆನ್ನಾಗಿ ಊಟ ಮಾಡುತ್ತೇನೆ, ಇಲ್ಲಿ ರಾಗಿ ಹಿಟ್ಟೂ ಸಿಗುತ್ತದೆ. ಚಳಿಗೆ ಎರಡು ಸ್ವೆಟರ್ ಹಾಕುತ್ತೇನೆ. ಕೆಮ್ಮು ಪೂರ್ತಿ ಹೋಯಿತು. ದುಡ್ಡು ಸಾಕಷ್ಟಿದೆ, ಮದುವೆಗೆ ಎಷ್ಟು ಬೇಕೋ ಹೇಳಿ, ಸಾಲ ಮಾಡಬೇಡಿ. ನೀವು ಬಿಪಿ ಮಾತ್ರೆ ಬಿಟ್ಟಿದ್ದೀರಿ ಅಂತ ಅಮ್ಮ ಹೇಳಿದಳು. ಇವತ್ತಿನಿಂದಲೇ ಶುರು ಮಾಡಿ. ಪೋಸ್ಟರ್ ಹರಿದಿದ್ದರೆ ಪರವಾಗಿಲ್ಲ, ಇಲ್ಲಿಂದ ಹೊಸದು ಕಳಿಸುತ್ತೇನೆ, ಗೋಡೆಗೆ ನೀವೇ ಅಂಟಿಸಿಕೊಡಿ.

ಬೆಳಗ್ಗೆ ಏಳಕ್ಕೆ ಡ್ಯೂಟಿ, ಹೊತ್ತಾಯಿತು. ಅಜ್ಜಿಗೆ ನಮಸ್ಕಾರ ತಿಳಿಸಿ. ನಂಬರ್ ಮರೆಯಬೇಡಿ.

ಇಂತಿ ನಿಮ್ಮ ಮಗಳು