ವಿಗ್ರಹದ ಸುದ್ದಿ ಮತ್ತು ಹಳೆಯ ಫೋಟೊ

ಮಾನ್ಯ ಸಂಪಾದಕರೇ,

ಗುಡಿಯ ವಿಗ್ರಹ ಕಳುವಾಯಿತು, ಅಸಲಿ ಮೂರ್ತಿ ತೆಗೆದು ನಕಲಿಯನ್ನಿಟ್ಟರು ಎಂಬ ಸುದ್ದಿಗಳು ನಮ್ಮ ಭಾಗದ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಒಳಗಿನ ವರದಿಯಲ್ಲಿ ‘ಎನ್ನಲಾಗಿದೆ’, ‘ಶಂಕಿಸಲಾಗಿದೆ’ ಎಂದಿದ್ದರೂ ತಲೆಬರಹದಲ್ಲಿ ತೀರ್ಪೇ ಹೊರಬಿದ್ದಿರುತ್ತದೆ. ಅದರಿಂದ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ, ಬಾದಾಮಿ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಊರಿನಲ್ಲಿ, ಜಾತ್ರೆಯ ಮುನ್ನಾದಿನ ಪೂಜಾರಿಯವರು ಉತ್ಸವಮೂರ್ತಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದರು. ವರ್ಷಗಟ್ಟಲೆ ಎಣ್ಣೆ, ಹೊಗೆ ಕುಡಿದು ಕಪ್ಪಾಗಿದ್ದ ಮೂರ್ತಿ ಪಲ್ಲಕ್ಕಿಯಲ್ಲಿ ಥಳಥಳ ಹೊಳೆದದ್ದೇ ತಡ, ಹಳೆಯದನ್ನು ಮಾರಿ ಹೊಸದನ್ನು ತಂದಿಟ್ಟಿದ್ದಾರೆಂಬ ಗುಲ್ಲೆದ್ದಿತು. ಮೂರನೆಯ ದಿನ ಪತ್ರಿಕೆಯೊಂದು, ಚಾಲುಕ್ಯರ ಕಾಲದ ಕೋಟಿ ಬೆಲೆಯ ವಿಗ್ರಹ ಮಾಯವಾಗಿದೆಯೆಂದು ಪೂಜಾರಿಯವರ ಹೆಸರು ಸಮೇತ ಅಚ್ಚು ಹಾಕಿತು. ಚಾಲುಕ್ಯರ ಕಾಲದ್ದೆಂದು ಹೇಳಿದವರು ಯಾರು, ಕೋಟಿಯೆಂದು ಬೆಲೆ ಕಟ್ಟಿದವರು ಯಾರು ಎಂಬುದು ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. (ಹೀಗೆ ಬೆಲೆ ಬರೆಯುವುದು ಕಾವಲಿಲ್ಲದ ಅಕ್ಕಪಕ್ಕದ ಗುಡಿಗಳಿಗೆ ಕಳ್ಳರನ್ನು ಕರೆದಂತೆ ಎಂಬುದನ್ನೂ ಯೋಚಿಸಬೇಕು.) ಕೊನೆಗೆ ಒಬ್ಬರ ಮನೆಯ ಗೋಡೆಯ ಮೇಲೆ ಹಳೆಯ ಜಾತ್ರೆಯ ಫೋಟೊ ಸಿಕ್ಕಿತು. ಪ್ರಭಾವಳಿಯ ಎಡ ಅಂಚಿನಲ್ಲಿದ್ದ ಬೆರಳಗಲದ ನಗ್ಗು ಆ ಫೋಟೊದಲ್ಲೂ ಇತ್ತು, ತೊಳೆದಿಟ್ಟ ಮೂರ್ತಿಯಲ್ಲೂ ಇತ್ತು. ಈ ಸಂಗತಿ ಒಳಪುಟದಲ್ಲಿ ಮೂರೇ ಸಾಲಾಗಿ ಬಂತು. ಅಷ್ಟರಲ್ಲಿ ಪೂಜಾರಿಯವರ ಮಗಳಿಗೆ ಕೂಡಿಬಂದಿದ್ದ ಸಂಬಂಧ ಮುರಿದುಹೋಗಿತ್ತು.

ಹಾಗೆಂದು, ಎಲ್ಲವೂ ಸಾಬೀತಾಗುವವರೆಗೆ ಪತ್ರಿಕೆಗಳು ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾಗಿದ್ದ ನಟರಾಜನನ್ನು 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 50 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತ್ತು. ಹಳೆಯ ವಿಗ್ರಹಗಳನ್ನು ಹೊರದೇಶಕ್ಕೆ ಸಾಗಿಸದಂತೆ ತಡೆಯುವ 1972ರ ಪುರಾವಸ್ತು ಕಾಯ್ದೆಗೆ ಮುಂಚೆಯೇ ಮೂರ್ತಿ ಭಾರತದಿಂದ ಹೊರಹೋಗಿತ್ತೆಂದು ನಂಬಿಸುವ ಕಾಗದಪತ್ರಗಳನ್ನೂ ಅದನ್ನು ಮಾರಿದ ವ್ಯಾಪಾರಿ ಒದಗಿಸಿದ್ದ. ಆ ಕಾಗದಗಳು ಹೇಳುವ ಕಾಲ ಕಳೆದು ಎಷ್ಟೋ ವರ್ಷಗಳ ಮೇಲೆ, ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಗುಡಿಯಲ್ಲೇ ತೆಗೆದಿದ್ದ ಫೋಟೊ ಅವನ್ನು ಸುಳ್ಳಾಗಿಸಿತು. ಪತ್ರಕರ್ತರು ಬೆನ್ನು ಬಿಡದೆ ಬರೆದರು, 2014ರಲ್ಲಿ ನಟರಾಜ ದೇಶಕ್ಕೆ ಮರಳಿದ. ಗ್ಯಾಲರಿಯ ಮಾತನ್ನೇ ಕೊನೆಯ ಮಾತೆಂದು ಪತ್ರಿಕೆಗಳು ಒಪ್ಪಿಕೊಂಡಿದ್ದರೆ ಇದು ಆಗುತ್ತಿರಲಿಲ್ಲ.

ಆದ್ದರಿಂದ ವಿವಾದವನ್ನು ಬರೆಯಲೇಬೇಕು, ಆದರೆ ವಿವಾದವೆಂದೇ ಬರೆಯಬೇಕು. ನೂರು ವರ್ಷಕ್ಕೂ ಹಳೆಯ ವಿಗ್ರಹ ಕಾಯ್ದೆಯ ಪ್ರಕಾರ ಪುರಾವಸ್ತು. ಅದನ್ನು ಇಟ್ಟುಕೊಂಡವರು ಫೋಟೊ ಸಹಿತ ನೋಂದಾಯಿಸಬೇಕು. ಹೀಗಿರುವಾಗ ನೋಂದಣಿ ಆಗಿದೆಯೇ, ಹಳೆಯ ಫೋಟೊ ಇದೆಯೇ, ನಕಲಿ ಎನ್ನುವವರು ಅಸಲಿಯನ್ನು ಕಣ್ಣಾರೆ ಕಂಡವರೇ ಎಂದು ವರದಿಗಾರರು ಮೊದಲೇ ಕೇಳಬಹುದಲ್ಲವೇ? ಊರಿನಿಂದ ಹೊರಗಿರುವುದೆಲ್ಲ ಕಳವಿನ ಮಾಲೂ ಅಲ್ಲ. ಐಹೊಳೆಯ ಗುಡಿಯೊಂದರ ಛಾವಣಿಯ ಶಿಲ್ಪಫಲಕಗಳು ಎಷ್ಟೋ ಕಾಲದಿಂದ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಎಲ್ಲರ ಕಣ್ಣೆದುರಿಗೇ ಇವೆ. ಇನ್ನು, ಆರೋಪ ಮುಖಪುಟದಲ್ಲಿ ಬಂದಿದ್ದರೆ ಅದು ಸುಳ್ಳೆಂದು ತಿಳಿದಾಗ ಆ ಸುದ್ದಿಯೂ ಮುಖಪುಟದಲ್ಲೇ ಬರಬೇಕು.

ಕೊನೆಯದಾಗಿ ಒಂದು ವಿನಂತಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಜಾತ್ರೆ, ಪಲ್ಲಕ್ಕಿ ಉತ್ಸವಗಳ ಫೋಟೊಗಳನ್ನು ತಮ್ಮಂಥ ಪತ್ರಿಕೆಗಳು ದಶಕಗಳಿಂದ ಅಚ್ಚು ಹಾಕುತ್ತ ಬಂದಿವೆ. ಅವನ್ನು ಊರು, ವರ್ಷಗಳ ಪ್ರಕಾರ ಜೋಡಿಸಿಟ್ಟು, ತಕರಾರು ಎದ್ದಾಗ ಗ್ರಾಮಸ್ಥರಿಗೂ ಪೊಲೀಸರಿಗೂ ನೋಡಲು ಕೊಡುವ ಏರ್ಪಾಡು ಮಾಡಬೇಕು. ನಾನು ವಿದ್ಯಾರ್ಥಿಗಳೊಂದಿಗೆ ಗುಡಿಗಳಿಗೆ ಹೋಗಿ ತೆಗೆದ, ಹಿಂಬದಿಯಲ್ಲಿ ತಾರೀಖು ಬರೆದಿಟ್ಟ ಎರಡು ಪೆಟ್ಟಿಗೆ ಫೋಟೊಗಳು ನನ್ನ ಬಳಿ ಇವೆ. ತಾವು ಕೇಳಿದರೆ ಅವನ್ನು ಕಚೇರಿಗೆ ತಂದು ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ